ಮೂಗಿನಲ್ಲಿ ಸಿಕ್ಕಿದ್ದು, ಎದೆಯಲ್ಲಿದ್ದದ್ದು

2025ರ ಜನವರಿ 6, ಸೋಮವಾರ. ಬೆಂಗಳೂರಿನ ಎರಡು ಕೂಸುಗಳಲ್ಲಿ ಎಚ್‌ಎಂಪಿವಿ ಎಂಬ ಉಸಿರಾಟದ ವೈರಸ್ ಪತ್ತೆಯಾಗಿದೆ ಎಂಬ ಸುದ್ದಿ ಬಂತು. ಒಂದು ಮೂರು ತಿಂಗಳ ಹೆಣ್ಣುಮಗು. ಸುದ್ದಿ ಹೊರಬೀಳುವ ಹೊತ್ತಿಗೆ ಗುಣವಾಗಿ ಮನೆ ಸೇರಿತ್ತು. ಇನ್ನೊಂದು ಎಂಟು ತಿಂಗಳ ಗಂಡುಮಗು, ಅದೂ ಚೇತರಿಸಿಕೊಳ್ಳುತ್ತಿತ್ತು. ಇಬ್ಬರೂ ವಿದೇಶಕ್ಕೆ ಹೋಗಿಬಂದವರಲ್ಲ. ಅಂದು ಸಂಜೆಯೊಳಗೆ ಸೆನ್ಸೆಕ್ಸ್ 1,200ಕ್ಕೂ ಹೆಚ್ಚು ಅಂಶ ಬಿದ್ದಿತ್ತು. ಬೀಳಲು ಬೇರೆ ಕಾರಣಗಳೂ ಇದ್ದವು, ಆದರೆ ಟಿವಿಯ ಕೆಂಪು ಪಟ್ಟಿಯಲ್ಲಿ ಓಡಿದ್ದು ವೈರಸ್ಸಿನ ಹೆಸರು. ಜತೆಗೆ ಇನ್ನೊಂದು ಪದವೂ ಓಡಿತು: 'ಮೊದಲ'. ದೇಶದ ಮೊದಲ ಪ್ರಕರಣ.

ಆ 'ಮೊದಲ' ಎಂಬುದು ಇವತ್ತಿಗೂ ಚುಚ್ಚುತ್ತದೆ. ಈ ವೈರಸ್ ನಮ್ಮ ದೇಶದಲ್ಲಿ ಮೊದಲಿನಿಂದಲೂ ಓಡಾಡಿಕೊಂಡಿದೆ ಎಂದು ಕೇಂದ್ರ ಆರೋಗ್ಯ ಸಚಿವಾಲಯ ಅದೇ ದಿನ ಹೇಳಿತ್ತು. ಭಾರತದ ಮಕ್ಕಳಲ್ಲಿ ಅದು ಸಿಕ್ಕ ವರದಿಗಳಿಗೆ ಆಗಲೇ ಎರಡು ದಶಕದ ವಯಸ್ಸು. ಉಸಿರಾಟದ ವೈರಸ್ಸುಗಳನ್ನು ಹುಡುಕುವ ಐಸಿಎಂಆರ್‌ನ ಮಾಮೂಲಿ ಕಣ್ಗಾವಲಿನಲ್ಲಿ, ಹತ್ತಾರು ಹೆಸರುಗಳ ನಡುವೆ ಈ ಹೆಸರೂ ಬಂದಿತ್ತು, ಅಷ್ಟೆ. ಹುಡುಕಿದರು, ಸಿಕ್ಕಿತು. ಹಿಂದಿನ ವರ್ಷಗಳಲ್ಲಿ ಅದೇ ಕಾಯಿಲೆಯಿಂದ ಮಲಗಿದ್ದ ಮಕ್ಕಳ ಕೇಸ್ ಶೀಟಿನಲ್ಲಿ 'ಬ್ರಾಂಕೋನ್ಯುಮೋನಿಯಾ' ಎಂದಷ್ಟೇ ಬರೆದು ಮನೆಗೆ ಕಳಿಸಿದ್ದೆವು.

ಈ ವೈರಸ್ಸನ್ನು ಕಂಡುಹಿಡಿದ ಕತೆಯೇ ಇದಕ್ಕೆ ಸಾಕ್ಷಿ. 2001ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು 20 ವರ್ಷಗಳಿಂದ ಫ್ರೀಜರಿನಲ್ಲಿ ಕೂಡಿಟ್ಟಿದ್ದ, ಯಾವ ಪರೀಕ್ಷೆಗೂ ಬಗ್ಗದ ಮಾದರಿಗಳನ್ನು ಮತ್ತೆ ತೆಗೆದು ನೋಡಿದರು. 28 ಮಕ್ಕಳ ಮಾದರಿಗಳಲ್ಲಿ ಒಂದೇ ಬಗೆಯ ಅಪರಿಚಿತ ವೈರಸ್ ಸಿಕ್ಕಿತು. ಆಮೇಲೆ ರಕ್ತದ ಮಾದರಿಗಳನ್ನು ಪರೀಕ್ಷಿಸಿದರೆ, ಐದು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಅದು ಬಂದುಹೋಗಿತ್ತು. 1958ರಲ್ಲಿ ತೆಗೆದಿಟ್ಟ ರಕ್ತದಲ್ಲೂ ಅದರ ಗುರುತಿತ್ತು. ಹೊಸದಾಗಿ ಬಂದದ್ದು ವೈರಸ್ಸಲ್ಲ, ಟೆಸ್ಟು.

ಆಸ್ಪತ್ರೆ ಸೇರಿದ ಮಕ್ಕಳಲ್ಲಿ ಉಸಿರಾಟದ ವೈರಸ್ಸುಗಳ ಲೆಕ್ಕ ಓದುವಾಗಲೆಲ್ಲ ಇದು ನೆನಪಾಗಬೇಕು. 'ಶೇಕಡಾ ಇಷ್ಟು ಮಕ್ಕಳಲ್ಲಿ ಇಂಥ ವೈರಸ್' ಎಂಬ ಸಾಲು ಪತ್ರಿಕೆಯಲ್ಲಿ, ಪ್ರಬಂಧದಲ್ಲಿ, ಸರ್ಕಾರಿ ಸುತ್ತೋಲೆಯಲ್ಲಿ ಎಲ್ಲೆಲ್ಲೂ ಕಾಣುತ್ತದೆ. ಆ ಶೇಕಡಾ ತಯಾರಾಗುವುದು ಲ್ಯಾಬಿನ ಯಂತ್ರದಲ್ಲಿ ಎಂದು ನಾವು ಅಂದುಕೊಂಡಿರುತ್ತೇವೆ. ಯಂತ್ರದ್ದು ಕೊನೆಯ ಕೆಲಸ. ಅದಕ್ಕೂ ಮೊದಲು ಅಂಕಿಯ ಬಹುಪಾಲು ತೀರ್ಮಾನವಾಗಿಬಿಟ್ಟಿರುತ್ತದೆ.

ಜರಡಿಗಳು

ಎಲ್ಲಕ್ಕಿಂತ ಮೊದಲನೆಯ ಜರಡಿ ಮನೆಯ ಹೊಸಿಲು. ಮಗುವಿಗೆ ಕೆಮ್ಮು, ಉಸಿರು ಜೋರು, ಹಾಲು ಕುಡಿಯುತ್ತಿಲ್ಲ. ಇದನ್ನು 'ಶೀತ ಆಗಿದೆ, ಎರಡು ದಿನ ನೋಡೋಣ' ಎಂದುಕೊಳ್ಳುವ ಮನೆಗೂ ರಾತ್ರಿಯೇ ಆಟೋ ಹಿಡಿಯುವ ಮನೆಗೂ ನಡುವೆ ಇರುವುದು ವೈರಸ್ಸಿನ ವ್ಯತ್ಯಾಸವಲ್ಲ. ಆಶಾ ಕಾರ್ಯಕರ್ತೆ ಮಗುವಿನ ಉಸಿರು ಎಣಿಸುವ ಕ್ರಮ ಇಲ್ಲಿ ಮುಖ್ಯ. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60, ಎರಡರಿಂದ ಹನ್ನೆರಡು ತಿಂಗಳವರೆಗೆ 50, ಒಂದರಿಂದ ಐದು ವರ್ಷದವರೆಗೆ 40. ಈ ಗೆರೆ ಮುಟ್ಟಿದರೆ ಉಸಿರು ಜೋರಾಗಿದೆ ಎಂದು ಅರ್ಥ. ಮಗು ಅಳುತ್ತಿದ್ದರೆ ಎಣಿಕೆ ಕೆಟ್ಟಂತೆಯೇ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೂ ಕೆಟ್ಟಂತೆಯೇ, ಏಕೆಂದರೆ ಕೂಸುಗಳ ಉಸಿರು ಒಂದೇ ಲಯದಲ್ಲಿ ಓಡುವುದಿಲ್ಲ. ಸ್ವಲ್ಪ ಓಡಿ, ತಡೆದು, ಮತ್ತೆ ಓಡುತ್ತದೆ. ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60 ಮುಟ್ಟಿದರೆ ಇನ್ನೊಮ್ಮೆ ಎಣಿಸಬೇಕು. ಅಂಗಿ ಎತ್ತಿ ನೋಡದಿದ್ದರೆ ಪಕ್ಕೆ ಒಳಗೆ ಸೆಳೆಯುವುದು ಕಾಣುವುದೇ ಇಲ್ಲ. ಚಳಿ ಎಂದು ಮೂರು ಸ್ವೆಟರ್ ಹಾಕಿರುವ ಮಗುವಿನ ಅಂಗಿ ಎತ್ತುವುದಕ್ಕೆ ಅಜ್ಜಿಯ ಒಪ್ಪಿಗೆಯೂ ಬೇಕು.

ಎರಡನೆಯದು ದಾಖಲಾತಿ. ಒಂದು ಆಸ್ಪತ್ರೆಯಲ್ಲಿ ಆಮ್ಲಜನಕದ ಮಟ್ಟ 90ಕ್ಕಿಂತ ಕೆಳಗಿಳಿದರೆ ಮಾತ್ರ ದಾಖಲು. ಇನ್ನೊಂದರಲ್ಲಿ 94 ಇದ್ದರೂ 'ಒಂದು ರಾತ್ರಿ ಇಟ್ಟುಕೊಳ್ಳೋಣ'. ವಿಮೆ ಇದ್ದವರು ಹೆಚ್ಚು ದಾಖಲಾಗುತ್ತಾರೆ, ಊರು ದೂರವಿದ್ದವರೂ ಹೆಚ್ಚು ದಾಖಲಾಗುತ್ತಾರೆ. ಹೀಗಿರುವಾಗ ಎರಡು ಆಸ್ಪತ್ರೆಗಳ 'ದಾಖಲಾದ ಮಕ್ಕಳು' ಎಂಬ ಗುಂಪುಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದು ಸೇರಿನಲ್ಲಿ ಅಳೆದದ್ದನ್ನು ಕಿಲೋದಲ್ಲಿ ತೂಗಿದಂತೆ.

ಮೂರನೆಯದು ನನಗೆ ಎಲ್ಲಕ್ಕಿಂತ ಕುತೂಹಲದ್ದು: ವ್ಯಾಖ್ಯೆಯ ಜರಡಿ. ಕಣ್ಗಾವಲು ವ್ಯವಸ್ಥೆಗಳು 'ಸಾರಿ' (ತೀವ್ರ ಉಸಿರಾಟದ ಸೋಂಕು) ಪ್ರಕರಣಗಳನ್ನು ಹೆಕ್ಕುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆಯಂತೆ ಹತ್ತು ದಿನದೊಳಗೆ ಶುರುವಾದ ಕೆಮ್ಮು, 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚಿನ ಜ್ವರ (ಇಲ್ಲವೇ ಜ್ವರ ಬಂದಿತ್ತು ಎಂಬ ಮಾತು), ಆಸ್ಪತ್ರೆಗೆ ಸೇರಿಸುವ ಅಗತ್ಯ. ಇದನ್ನು ರೂಪಿಸಿದ್ದು ಇನ್‌ಫ್ಲುಯೆಂಜಾಕ್ಕಾಗಿ, ಆ ಕೆಲಸಕ್ಕೆ ಅದು ಚೆನ್ನಾಗಿಯೇ ಇದೆ. ಆದರೆ ಪುಟ್ಟ ಕೂಸುಗಳನ್ನು ಆಸ್ಪತ್ರೆಗೆ ಸೇರಿಸುವುದರಲ್ಲಿ ಮುಂಚೂಣಿಯಲ್ಲಿರುವ ಆರ್‌ಎಸ್‌ವಿ ಎಂಬ ವೈರಸ್ ಅನೇಕ ಸಲ ಜ್ವರ ತರುವುದೇ ಇಲ್ಲ. ಒಂದೂವರೆ ತಿಂಗಳ ಕೂಸು ಮೈ ತಣ್ಣಗಿದ್ದುಕೊಂಡೇ ಉಸಿರಿಗೆ ಒದ್ದಾಡುತ್ತಿರುತ್ತದೆ. ಅವಧಿಗೆ ಮುಂಚೆ ಹುಟ್ಟಿದ ಕೂಸಾದರೆ ಕೆಮ್ಮೂ ಇರುವುದಿಲ್ಲ. ಇದ್ದಕ್ಕಿದ್ದಂತೆ ಉಸಿರು ನಿಲ್ಲಿಸುತ್ತದೆ, ಅದೇ ಮೊದಲ ಲಕ್ಷಣ. ಜ್ವರ ಕಡ್ಡಾಯವೆಂಬ ಫಾರಂ ಹಿಡಿದು ಹುಡುಕಿದರೆ, ಈ ವೈರಸ್ಸಿಗೆ ಅತಿ ಹೆಚ್ಚು ಬಲಿಯಾಗುವ ವಯಸ್ಸಿನವರೇ ಪಟ್ಟಿಯಿಂದ ಜಾರುತ್ತಾರೆ. ಹಾಗಾಗಿಯೇ ಆರ್‌ಎಸ್‌ವಿ ಕಣ್ಗಾವಲಿಗೆ ಜ್ವರದ ಷರತ್ತು ತೆಗೆದು, ಆರು ತಿಂಗಳೊಳಗಿನವರಿಗೆ ಉಸಿರು ನಿಲ್ಲುವುದನ್ನೂ ನಂಜಿನ ಲಕ್ಷಣವನ್ನೂ ಸೇರಿಸಿದ ವಿಸ್ತೃತ ವ್ಯಾಖ್ಯೆ ಬಂತು. ಫಾರಂನ ಒಂದು ಸಾಲು ಬದಲಾದರೆ 'ಆರ್‌ಎಸ್‌ವಿ ಏರಿಕೆ' ಎಂಬ ಶೀರ್ಷಿಕೆ ತಾನಾಗಿ ಹುಟ್ಟುತ್ತದೆ.

ನಾಲ್ಕನೆಯದು ತೀರ ಮಾಮೂಲು: ಸ್ವಾಬ್ ತೆಗೆಯುವವರ ಡ್ಯೂಟಿ ಸಮಯ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದು, ಭಾನುವಾರ ರಜೆ. ರಾತ್ರಿ ಹನ್ನೊಂದಕ್ಕೆ ಬಂದು ಬೆಳಗಿನ ಜಾವ ತೀರಿಕೊಂಡ ಮಗು ಈ ಲೆಕ್ಕದಲ್ಲಿ ಇಲ್ಲ. ಬಂದ ಕೂಡಲೇ ದೊಡ್ಡಾಸ್ಪತ್ರೆಗೆ ಕಳಿಸಿದ ಮಗುವೂ ಇಲ್ಲ. ಹಾಗೆಂದು ವೆಂಟಿಲೇಟರಿನಲ್ಲಿರುವವರನ್ನು ಮಾತ್ರ ಹುಡುಕಿ ಸ್ವಾಬ್ ತೆಗೆಯುವ ಕಡೆ ತಪ್ಪು ಉಲ್ಟಾ ದಿಕ್ಕಿಗೆ ಹೋಗುತ್ತದೆ. ದಿನದ ಮೊದಲ ಮೂರು ದಾಖಲಾತಿ ಎಂತಲೋ, ಪ್ರತಿ ಐದನೆಯ ಮಗು ಎಂತಲೋ ಮೊದಲೇ ನಿಯಮ ಹಾಕಿಕೊಂಡು ಅದಕ್ಕೆ ಅಂಟಿಕೊಂಡರೆ ಮಾತ್ರ ಸ್ವಾಬ್ ಆದವರು ಆಗದವರನ್ನು ಪ್ರತಿನಿಧಿಸುತ್ತಾರೆ.

ಸ್ವಾಬ್ ಕಡ್ಡಿ

'ಅಮ್ಮಾ, ಮಗೂನ ತೊಡೆ ಮೇಲೆ ಕೂರಿಸ್ಕೊಳ್ಳಿ, ಬೆನ್ನು ನಿಮ್ಮ ಎದೆಗಿರ್ಲಿ. ಒಂದು ಕೈ ಹಣೆ ಮೇಲೆ, ಒಂದು ಕೈ ಎರಡೂ ಕೈ ಸುತ್ತ. ಹೆದರ್ಬೇಡಿ, ಹತ್ತು ಸೆಕೆಂಡು ಅಷ್ಟೆ.' ಮಕ್ಕಳ ವಾರ್ಡಿನಲ್ಲಿ ಸಿಸ್ಟರ್ ಹೀಗೆ ಹೇಳಿ ಮುಗಿಸುವುದರೊಳಗೆ ಮಗುವಿಗೆ ವಿಷಯ ಗೊತ್ತಾಗಿರುತ್ತದೆ. ಮುಂದಿನ ಹತ್ತು ಸೆಕೆಂಡಿನಲ್ಲಿ ಲ್ಯಾಬಿನ ಲಕ್ಷಾಂತರ ರೂಪಾಯಿಯ ಯಂತ್ರದ ಭವಿಷ್ಯ ನಿರ್ಧಾರವಾಗುತ್ತದೆ.

ಕಡ್ಡಿ ಹೋಗಬೇಕಾದದ್ದು ಮೇಲಕ್ಕಲ್ಲ, ನೇರ ಹಿಂದಕ್ಕೆ, ಅಂಗುಳಕ್ಕೆ ಸಮಾನಾಂತರವಾಗಿ. ಕಣ್ಣಿನ ಕಡೆ ತಿರುಗಿಸಿದರೆ ಮೂಳೆಗೆ ತಾಗುತ್ತದೆ, ಮಗು ಕಿರುಚುತ್ತದೆ, ತೆಗೆಯುವವರು ಅಲ್ಲಿಗೇ ಬಿಡುತ್ತಾರೆ. ಹೊಳ್ಳೆಯ ತುದಿ ಒರೆಸಿದ್ದು ಮೂಗಿನಾಳದ ಮಾದರಿಯಲ್ಲ, ಸಿಂಬಳದ ಮಾದರಿ. ಮೂಗು ಗಂಟಲಿಗೆ ಸೇರುವ ಹಿಂಗೋಡೆ ತಾಗಿದಾಗ ತಡೆ ಗೊತ್ತಾಗುತ್ತದೆ. ಅಲ್ಲಿ ಕೆಲವು ಸೆಕೆಂಡು ಇಟ್ಟು, ತಿರುಗಿಸಿ, ನಿಧಾನ ಎಳೆಯಬೇಕು. ಪ್ಲಾಸ್ಟಿಕ್ ಕಡ್ಡಿಯ, ನೈಲಾನ್ ಕುಚ್ಚಿನ ಸ್ವಾಬ್ ಬೇಕು. ಮರದ ಕಡ್ಡಿಯದ್ದು, ಕ್ಯಾಲ್ಸಿಯಂ ಆಲ್ಜಿನೇಟಿನದ್ದು ಬೇಡ. ಅವು ವೈರಸ್ಸನ್ನು ಕೆಡಿಸುತ್ತವೆ ಅಥವಾ ವೈರಸ್ಸಿನ ಜೀನು ಹುಡುಕುವ ಪಿಸಿಆರ್ ಪರೀಕ್ಷೆಗೆ ಅಡ್ಡ ಬರುತ್ತವೆ. ವೈರಸ್ ಕೆಡದಂತೆ ಕಾಪಾಡುವ ವಿಟಿಎಂ ದ್ರವ ಎರಡು ಮೂರು ಮಿಲಿಲೀಟರ್ ಇರುವ ಟ್ಯೂಬಿನಲ್ಲಿ ತುದಿ ಮುಳುಗಿಸಿ ಕಡ್ಡಿ ಮುರಿದು ಮುಚ್ಚಳ ಬಿಗಿಮಾಡಿ ಐಸ್ ಪ್ಯಾಕ್ ನಡುವೆ ಇಟ್ಟರೆ 2ರಿಂದ 8 ಡಿಗ್ರಿಯಲ್ಲಿ 72 ಗಂಟೆ ನೆಮ್ಮದಿ. ಅದಕ್ಕೂ ತಡವಾಗುವುದಾದರೆ ಮೈನಸ್ 70. ವಾರ್ಡಿನ ಫ್ರಿಜ್ಜಿನ ಮೇಲಿನ ಖಾನೆಯ ಮೈನಸ್ 20ರಲ್ಲಿ ಇಡುವುದು 'ಹೇಗೂ ಇನ್ನೂ ತಣ್ಣಗಿದೆಯಲ್ಲ' ಎಂಬ ಲೆಕ್ಕದಲ್ಲಿ ನಡೆಯುತ್ತದೆ. ದಿನಕ್ಕೆರಡು ಸಲ ಕರೆಂಟ್ ಹೋಗಿ ಅದು ಕರಗಿ ಮತ್ತೆ ಗಟ್ಟಿಯಾದರೆ, ಹೊದಿಕೆಯುಳ್ಳ ಆರ್‌ಎಸ್‌ವಿಯಂಥ ನಾಜೂಕು ವೈರಸ್ ಮೊದಲು ಹಾಳು, ಹೊದಿಕೆಯಿಲ್ಲದ ಗಟ್ಟಿಪಿಂಡ ಅಡೆನೋವೈರಸ್ ಉಳಿದುಕೊಳ್ಳುತ್ತದೆ. ಶನಿವಾರ ತೆಗೆದ ಮಾದರಿಗಳಲ್ಲಿ ಯಾವ ವೈರಸ್ 'ಹೆಚ್ಚು' ಎನ್ನುವುದನ್ನು ಹೀಗೆ ಫ್ರಿಜ್ಜೂ ತೀರ್ಮಾನಿಸಬಹುದು.

ಮಾದರಿ ಸರಿಯಾಗಿ ಬಂದಿದೆಯೇ ಎಂದು ತಿಳಿಯಲು ಲ್ಯಾಬಿನವರು ಅದೇ ಟ್ಯೂಬಿನಲ್ಲಿ ಮನುಷ್ಯರದೇ ಆದ ಒಂದು ಜೀನನ್ನು ಹುಡುಕುತ್ತಾರೆ. ಅದು ಸಿಗದಿದ್ದರೆ ಮಗುವಿನ ಜೀವಕೋಶವೇ ಕಡ್ಡಿಗೆ ಅಂಟಿಲ್ಲ ಎಂದರ್ಥ. ಅಂಥದ್ದನ್ನು 'ನೆಗೆಟಿವ್' ಎನ್ನುವಂತಿಲ್ಲ, 'ಮಾದರಿ ಅಸಿಂಧು' ಎನ್ನಬೇಕು. ಈ ಎರಡನ್ನೂ ಒಂದೇ ಕಾಲಂನಲ್ಲಿ ತುಂಬಿದ ಎಕ್ಸೆಲ್ ಶೀಟುಗಳು ಎಷ್ಟಿಲ್ಲ!

ಇನ್ನು ಕಿಟ್. ನಾಲ್ಕು ವೈರಸ್ ಹುಡುಕುವ ಕಿಟ್ ಇದ್ದಾಗ 'ಯಾವುದೂ ಸಿಗಲಿಲ್ಲ' ಎಂದ ಮಕ್ಕಳಲ್ಲಿ, ಹದಿನಾರು ಹುಡುಕುವ ಕಿಟ್ ತಂದ ವರ್ಷ ಏನಾದರೊಂದು ಸಿಕ್ಕೇ ಸಿಗುತ್ತದೆ. ಜೀವಕೋಶ ಬೆಳೆಸಿ ವೈರಸ್ ಹುಡುಕುತ್ತಿದ್ದ ಕಾಲದಲ್ಲಿ ಮಾಮೂಲಿ ನೆಗಡಿ ತರುವ ರೈನೋವೈರಸ್ ಕಣ್ಣಿಗೆ ಬೀಳುತ್ತಿದ್ದದ್ದೇ ಕಡಿಮೆ. ಪಿಸಿಆರ್ ಬಂದ ಮೇಲೆ ಅದು ಪಟ್ಟಿಯ ತುದಿಗೆ ಏರಿತು. ಎಷ್ಟೋ ಕಿಟ್‌ಗಳು ರೈನೋ ಮತ್ತು ಎಂಟೆರೋವೈರಸ್ಸುಗಳನ್ನು ಬೇರೆಬೇರೆ ಮಾಡಲಾರವು, ಎರಡನ್ನೂ ಒಂದೇ ಹೆಸರಿನಲ್ಲಿ ಕೊಡುತ್ತವೆ. ದಶಕಗಳ ಗ್ರಾಫ್ ಹಾಕುವವರು ಕಿಟ್ ಬದಲಾದ ವರ್ಷದಲ್ಲಿ ಒಂದು ಉದ್ದಗೆರೆ ಎಳೆಯದಿದ್ದರೆ ಗ್ರಾಫು ಕಿಟ್ಟಿನ ಚರಿತ್ರೆಯಾಗುತ್ತದೆ.

ಕಾಗೆ ಮತ್ತು ಕೊಂಬೆ

ಇಷ್ಟೆಲ್ಲ ಸರಿಯಾಗಿ ಮಾಡಿ, ನ್ಯುಮೋನಿಯಾದ ಮಗುವಿನ ಮೂಗಿನಲ್ಲಿ ರೈನೋವೈರಸ್ ಸಿಕ್ಕಿತು ಅನ್ನೋಣ. ಎದೆಯ ಕಾಯಿಲೆಗೆ ಅದೇ ಕಾರಣವೇ? ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿರಬಹುದು. ರೈನೋವೈರಸ್ಸಿನ ಆರ್‌ಎನ್‌ಎ ನೆಗಡಿ ವಾಸಿಯಾದ ಎರಡು ಮೂರು ವಾರದ ಮೇಲೂ ಮೂಗಿನಲ್ಲಿ ಸಿಗುತ್ತದೆ. ಬೋಕಾವೈರಸ್ ತಿಂಗಳುಗಟ್ಟಲೆ ಇರುತ್ತದೆ. ಅಡೆನೋವೈರಸ್ ಟಾನ್ಸಿಲಿನಲ್ಲಿ ಮನೆ ಮಾಡಿಕೊಂಡು ಕೂರುತ್ತದೆ. ಶ್ವಾಸಕೋಶದಿಂದಲೇ ಮಾದರಿ ತೆಗೆಯುವುದು ಮಕ್ಕಳಲ್ಲಿ ಅಪಾಯದ ಕೆಲಸವಾದ್ದರಿಂದ ಮೂಗನ್ನು ನೋಡಿ ಎದೆಯನ್ನು ಊಹಿಸುವುದೊಂದೇ ದಾರಿ.

ಊಹೆಗೆ ಆಧಾರ ಬೇಕಲ್ಲ, ಅದಕ್ಕಾಗಿ ಅದೇ ಊರಿನ, ಅದೇ ವಯಸ್ಸಿನ, ಅದೇ ತಿಂಗಳಿನ ಆರೋಗ್ಯವಂತ ಮಕ್ಕಳ ಮೂಗಿನಲ್ಲೂ ಸ್ವಾಬ್ ತೆಗೆಯಬೇಕು. ಇದನ್ನು ದೊಡ್ಡದಾಗಿ ಮಾಡಿದ್ದು ಪರ್ಚ್ ಎಂಬ ಅಧ್ಯಯನ; ಬಾಂಗ್ಲಾದೇಶ, ಥಾಯ್ಲೆಂಡ್ ಮತ್ತು ಆಫ್ರಿಕಾದ ಐದು ದೇಶಗಳಲ್ಲಿ 4,232 ರೋಗಿಗಳು, 5,119 ಊರಿನ ಮಕ್ಕಳು. 2019ರಲ್ಲಿ ಫಲಿತಾಂಶ ಬಂತು. ರೈನೋವೈರಸ್ ಎರಡೂ ಗುಂಪಿನಲ್ಲಿ ಹತ್ತಿರಹತ್ತಿರ ಅಷ್ಟೇ ಸಿಕ್ಕಿತು. ಆರ್‌ಎಸ್‌ವಿ ಆರೋಗ್ಯವಂತರಲ್ಲಿ ತೀರ ವಿರಳ. ಎಕ್ಸ್‌ರೇಯಲ್ಲಿ ನ್ಯುಮೋನಿಯಾ ಕಂಡ, ಎಚ್‌ಐವಿ ಇಲ್ಲದ ಮಕ್ಕಳಲ್ಲಿ ಸುಮಾರು 61% ಪ್ರಕರಣಗಳಿಗೆ ವೈರಸ್, 27% ಪ್ರಕರಣಗಳಿಗೆ ಬ್ಯಾಕ್ಟೀರಿಯಾ ಕಾರಣ ಎಂದು ಲೆಕ್ಕ ಬಂತು. ಆರ್‌ಎಸ್‌ವಿಯೊಂದರ ಪಾಲೇ 31%. ಅಮೆರಿಕದ ಮೂರು ನಗರಗಳಲ್ಲಿ 2010ರಿಂದ 2012ರವರೆಗೆ ನಡೆದ ಎಪಿಕ್ ಅಧ್ಯಯನದಲ್ಲಿ ದಾಖಲಾದ ಮಕ್ಕಳಲ್ಲಿ ಆರ್‌ಎಸ್‌ವಿ 28%, ರೈನೋ 27% ಸಿಕ್ಕಿದ್ದವು. ನೋಡಲು ಅವಳಿಗಳಂತೆ. ಆದರೆ ಲಕ್ಷಣವೇ ಇಲ್ಲದ ಮಕ್ಕಳಲ್ಲೂ ರೈನೋ 17% ಸಿಕ್ಕಿತ್ತು.

ಲೆಕ್ಕ ಹೇಗೆ ಬದಲಾಗುತ್ತದೆ ಎಂಬುದನ್ನು ಒಂದು ಕಲ್ಪಿತ ವಾರ್ಡಿನಲ್ಲಿ ನೋಡಬಹುದು. 200 ರೋಗಿಗಳಲ್ಲಿ 50 ಮಂದಿಗೆ ರೈನೋ, 60 ಮಂದಿಗೆ ಆರ್‌ಎಸ್‌ವಿ. 200 ಆರೋಗ್ಯವಂತರಲ್ಲಿ 40 ಮಂದಿಗೆ ರೈನೋ, 6 ಮಂದಿಗೆ ಆರ್‌ಎಸ್‌ವಿ. ರೋಗಿಗಳಲ್ಲಿ 'ಸಿಕ್ಕವರು ಭಾಗಿಸು ಸಿಗದವರು', ಆರೋಗ್ಯವಂತರಲ್ಲೂ ಹಾಗೇ, ಆಮೇಲೆ ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ರೈನೋಗೆ 50/150ನ್ನು 40/160ರಿಂದ ಭಾಗಿಸಿದರೆ 1.33. ಆರ್‌ಎಸ್‌ವಿಗೆ 60/140ನ್ನು 6/194ರಿಂದ ಭಾಗಿಸಿದರೆ ಸುಮಾರು 13.9. ಇನ್ನು ಒಂದರಿಂದ 'ಒಂದು ಭಾಗಿಸು ಈ ಸಂಖ್ಯೆ' ಕಳೆದರೆ ಕಾಯಿಲೆಗೆ ನಿಜವಾಗಿ ಹೊಣೆ ಹೊರಿಸಬಹುದಾದ ಪಾಲು ಬರುತ್ತದೆ: ರೈನೋಗೆ 25%, ಆರ್‌ಎಸ್‌ವಿಗೆ 93%. ಅಂದರೆ 50 ರೈನೋ ಮಕ್ಕಳಲ್ಲಿ ಹೊಣೆ ಹೊರಿಸಬಹುದಾದದ್ದು ಹನ್ನೆರಡು ಹದಿಮೂರರಲ್ಲಿ. 60 ಆರ್‌ಎಸ್‌ವಿ ಮಕ್ಕಳಲ್ಲಿ 55ಕ್ಕೂ ಹೆಚ್ಚು. ಯಾವ ಮಗು ಆ ಹದಿಮೂರರಲ್ಲಿ ಒಂದು ಎಂದು ಈ ಲೆಕ್ಕ ಹೇಳದು. ಮಂಚದ ಪಕ್ಕ ನಿಂತ ಡಾಕ್ಟರಿಗೆ ಬೇಕಾದ ಉತ್ತರವೂ ವಾರ್ಡಿನ ಲೆಕ್ಕ ಬರೆಯುವವರಿಗೆ ಬೇಕಾದ ಉತ್ತರವೂ ಬೇರೆಬೇರೆ.

ಹಾಗೆಂದು ರೈನೋ ನಿರಪಾಯಿ ಎಂದು ಕೈತೊಳೆದುಕೊಳ್ಳುವಂತಿಲ್ಲ. ಉಬ್ಬಸವಿರುವ, ಎರಡು ದಾಟಿದ ಮಕ್ಕಳಲ್ಲಿ ಅದು ಬೇರೆಯೇ ಮುಖ ತೋರಿಸುತ್ತದೆ. ಅಡೆನೋವೈರಸ್ಸಿನದೂ ಅಷ್ಟೆ. 2023ರ ಮೊದಲ ತಿಂಗಳುಗಳಲ್ಲಿ ಪಶ್ಚಿಮ ಬಂಗಾಳದ ಮಕ್ಕಳ ಐಸಿಯುಗಳು ತುಂಬಿಹೋಗಿದ್ದು ಅದರಿಂದಲೇ, ಅಲ್ಲಿ ಸಿಕ್ಕಿದ್ದು 7 ಮತ್ತು 3ನೇ ಬಗೆಗಳು ಬೆರೆತ ತಳಿ. 'ಅಡೆನೋ ಪಾಸಿಟಿವ್' ಎಂಬಷ್ಟರಿಂದ ಟಾನ್ಸಿಲಿನಲ್ಲಿ ಸುಮ್ಮನೆ ಕೂತದ್ದಕ್ಕೂ ಶ್ವಾಸಕೋಶ ತಿನ್ನುವುದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ.

ವೈರಸ್ಸೋ ಬ್ಯಾಕ್ಟೀರಿಯಾವೋ ಎಂಬ ಪ್ರಶ್ನೆಯೇ ಅರ್ಧ ತಪ್ಪು ಎಂದು ತೋರಿಸಿದ್ದು ಸೊವೆಟೊ. ದಕ್ಷಿಣ ಆಫ್ರಿಕಾದ ಆ ಊರಿನಲ್ಲಿ ನ್ಯುಮೋಕಾಕಸ್ ಲಸಿಕೆಯ ಪ್ರಯೋಗ ನಡೆದಿತ್ತು. ಅದು ಬ್ಯಾಕ್ಟೀರಿಯಾಕ್ಕೆ ಕೊಡುವ ಲಸಿಕೆ, ವೈರಸ್ಸಿಗೂ ಅದಕ್ಕೂ ಸಂಬಂಧವಿಲ್ಲ. 2004ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ವೈರಸ್ ಪತ್ತೆಯಾದ ನ್ಯುಮೋನಿಯಾದಿಂದ ಆಸ್ಪತ್ರೆ ಸೇರುವುದು ಲಸಿಕೆ ಪಡೆದ ಮಕ್ಕಳಲ್ಲಿ 31% ಕಡಿಮೆಯಾಗಿತ್ತು. ವೈರಸ್ ಬಾಗಿಲು ಮುರಿದಿತ್ತು, ಒಳಗೆ ನುಗ್ಗಿದ್ದು ನ್ಯುಮೋಕಾಕಸ್. ಮೂಗಿನ ರಿಪೋರ್ಟಿನಲ್ಲಿ ಬಾಗಿಲು ಮುರಿದವನ ಹೆಸರಷ್ಟೇ ಬಂದಿತ್ತು.

ನೂರರ ಹಂಚಿಕೆ

ಶೇಕಡಾವಾರು ಲೆಕ್ಕದ ಇನ್ನೊಂದು ಕುತಂತ್ರ: ಅದು ಯಾವಾಗಲೂ ನೂರಕ್ಕೇ ಕೂಡಿಕೊಳ್ಳುತ್ತದೆ. ನ್ಯುಮೋನಿಯಾದ ಬ್ಯಾಕ್ಟೀರಿಯಾ ತಡೆಯುವ ಲಸಿಕೆಗಳಲ್ಲಿ, ನಮ್ಮಲ್ಲಿ 2011ರಿಂದ ಪೆಂಟಾವೇಲೆಂಟ್ ಹಂತಹಂತವಾಗಿ ಬಂತು, 2021ರಲ್ಲಿ ನ್ಯುಮೋಕಾಕಸ್ಸಿನ ಪಿಸಿವಿ ದೇಶವಿಡೀ ವಿಸ್ತರಿಸಿತು. ಬ್ಯಾಕ್ಟೀರಿಯಾದ ನ್ಯುಮೋನಿಯಾ ಇಳಿದರೆ, ವೈರಸ್ಸಿನದ್ದು ಒಂದೂ ಹೆಚ್ಚದಿದ್ದರೂ ಅದರ ಶೇಕಡಾ ಏರುತ್ತದೆ. ನಿಜವಾದ ಏರಿಳಿತ ತಿಳಿಯಬೇಕಾದರೆ ಛೇದದಲ್ಲಿ ರೋಗಿಗಳಲ್ಲ, ಊರಿನ ಮಕ್ಕಳಿರಬೇಕು.

ಒಂದು ತಾಲ್ಲೂಕಿನ ಉದಾಹರಣೆ ಕಟ್ಟೋಣ. ಐದು ವರ್ಷದೊಳಗಿನವರು 30,000. ತಾಲ್ಲೂಕು ಆಸ್ಪತ್ರೆಯಲ್ಲಿ ವರ್ಷಕ್ಕೆ ಉಸಿರಾಟದ ಕಾಯಿಲೆಗೆ 400 ಸ್ಥಳೀಯ ಮಕ್ಕಳು ದಾಖಲು. ಸ್ವಾಬ್ ಆದದ್ದು 200ಕ್ಕೆ, ಆರ್‌ಎಸ್‌ವಿ ಸಿಕ್ಕಿದ್ದು 50ರಲ್ಲಿ. ವರದಿಯಲ್ಲಿ '50 ಪ್ರಕರಣ' ಎಂದು ಹೋಗುತ್ತದೆ. ಸ್ವಾಬ್ ಆಗದವರಲ್ಲೂ ಅದೇ ಪ್ರಮಾಣವಿದ್ದರೆ 100. ಇನ್ನು ಮನೆಮನೆ ಸಮೀಕ್ಷೆಯಲ್ಲಿ, ಇಂಥ ಕಾಯಿಲೆಗೆ ಎಲ್ಲಾದರೂ ದಾಖಲಾದ ಮಕ್ಕಳಲ್ಲಿ 40% ಮಾತ್ರ ಈ ಆಸ್ಪತ್ರೆಗೆ ಬಂದಿದ್ದರು, ಉಳಿದವರು ನರ್ಸಿಂಗ್ ಹೋಮಿಗೋ ಜಿಲ್ಲಾಸ್ಪತ್ರೆಗೋ ಹೋದರು ಎಂದು ತಿಳಿದರೆ 250. ಸಾವಿರ ಮಕ್ಕಳಿಗೆ ವರ್ಷಕ್ಕೆ ಎಂಟಕ್ಕೂ ಹೆಚ್ಚು. ನೂರು ಇನ್ನೂರೈವತ್ತಾದದ್ದು ಸಮೀಕ್ಷೆಯ ಒಂದು ಪ್ರಶ್ನೆಯಿಂದ: 'ಕಳೆದ ವರ್ಷ ಮಗೂನ ಎಲ್ಲಿ ಅಡ್ಮಿಟ್ ಮಾಡಿದ್ರಿ?'

'ಐದು ವರ್ಷದೊಳಗಿನ' ಎಂದು ಒಂದೇ ಮೂಟೆ ಕಟ್ಟುವುದೂ ಅನ್ಯಾಯ. ಆರ್‌ಎಸ್‌ವಿಯಿಂದ ದಾಖಲಾಗುವ ಅಪಾಯ ಹುಟ್ಟಿದ ಮೊದಲ ಕೆಲವು ತಿಂಗಳಲ್ಲಿ ಅತಿ ಹೆಚ್ಚು. ಎರಡನೆಯ ವರ್ಷಕ್ಕೆ ಬಹಳ ಇಳಿದಿರುತ್ತದೆ. ಮೊದಲ ವರ್ಷವನ್ನಾದರೂ ಮೂರು ಮೂರು ತಿಂಗಳಿಗೆ ಕತ್ತರಿಸಿ ನೋಡದಿದ್ದರೆ ಈ ಕಡಿದಾದ ಇಳಿಜಾರು ಸಮತಟ್ಟಾಗಿ ಕಾಣುತ್ತದೆ.

ಮಳೆಯ ಪಂಚಾಂಗ

'ಚಳಿಗಾಲದ ಕಾಯಿಲೆ' ಎಂಬ ಮಾತು ಯುರೋಪಿನ ಪಠ್ಯಪುಸ್ತಕದಿಂದ ನೇರ ನಮ್ಮ ಬಾಯಿಗೆ ಬಂದದ್ದು. ಭಾರತದ ನಗರಗಳ ಇನ್‌ಫ್ಲುಯೆಂಜಾ ಲೆಕ್ಕವನ್ನು ಜೋಡಿಸಿ ನೋಡಿದಾಗ ಶ್ರೀನಗರ ಮಾತ್ರ ಜನವರಿಯಿಂದ ಮಾರ್ಚ್ ಎಂಬ ಯುರೋಪಿನ ದಾರಿ ಹಿಡಿದಿತ್ತು. ದೆಹಲಿ, ಪುಣೆ, ಕೋಲ್ಕತ್ತಗಳಲ್ಲಿ ಜುಲೈಯಿಂದ ಸೆಪ್ಟೆಂಬರ್. ಚೆನ್ನೈ, ವೆಲ್ಲೂರುಗಳಲ್ಲಿ ಹಿಂಗಾರಿನ ಜತೆ, ಅಕ್ಟೋಬರ್ ನಂತರ. ಒಂದೇ ದೇಶ, ಮೂರು ಪಂಚಾಂಗ. ಆರ್‌ಎಸ್‌ವಿ ಉತ್ತರದಲ್ಲಿ ಚಳಿಯ ಕಡೆ ವಾಲುತ್ತದೆ, ದಕ್ಷಿಣದಲ್ಲಿ ಮಳೆಯ ಕಡೆ. ಮುಂಗಾರು ಮುಗಿಯುವ ಮೊದಲೇ ಹಿಂಗಾರು ಬಾಗಿಲು ತಟ್ಟುವ ಕರ್ನಾಟಕದ ಒಳನಾಡಿಗೂ ಜೂನಿನಿಂದಲೇ ನೆನೆಯುವ ಕರಾವಳಿಗೂ ಒಂದೇ ಪಂಚಾಂಗ ಹೊಂದುತ್ತದೆಂದು ಮೊದಲೇ ಅಂದುಕೊಳ್ಳಬಾರದು.

ಇದು ಬರೀ ಕುತೂಹಲದ ವಿಷಯವಾಗಿ ಉಳಿದಿಲ್ಲ. 2023ರಿಂದ ಕೆಲವು ದೇಶಗಳಲ್ಲಿ ಕೂಸುಗಳಿಗೆ ನಿರ್ಸೆವಿಮ್ಯಾಬ್ ಎಂಬ ಪ್ರತಿಕಾಯದ ಚುಚ್ಚುಮದ್ದು ಕೊಡಲು ಶುರುವಾಯಿತು: ಐದು ಕಿಲೋಗಿಂತ ಕಡಿಮೆ ತೂಕಕ್ಕೆ 50 ಮಿಲಿಗ್ರಾಂ, ಹೆಚ್ಚಿಗೆ 100, ಒಂದೇ ಸಲ. ಅದರ ರಕ್ಷಣೆ ಗಟ್ಟಿಯಾಗಿರುವುದು ಐದಾರು ತಿಂಗಳು. ಹಳೆಯ ಪಾಲಿವಿಝುಮ್ಯಾಬ್ ಆದರೆ ಕಿಲೋಗೆ 15 ಮಿಲಿಗ್ರಾಂನಂತೆ ಪ್ರತಿ ತಿಂಗಳೂ ಚುಚ್ಚಬೇಕಿತ್ತು. ಗರ್ಭಿಣಿಗೆ ಕೊನೆಯ ತಿಂಗಳುಗಳಲ್ಲಿ ಲಸಿಕೆ ಕೊಟ್ಟು ಕೂಸಿಗೆ ರಕ್ಷಣೆ ದಾಟಿಸುವ ಇನ್ನೊಂದು ದಾರಿಯೂ ಇದೆ. ಎರಡಕ್ಕೂ ತಿಂಗಳು ಗೊತ್ತಿರಬೇಕು. ಯುರೋಪಿನ ಕ್ಯಾಲೆಂಡರ್ ನೋಡಿ ಅಕ್ಟೋಬರಿನಲ್ಲಿ ಶುರುಮಾಡಿದರೆ, ಆಗಸ್ಟಿನಲ್ಲೇ ಅಲೆ ಏಳುವ ಊರಿನಲ್ಲಿ ಮದ್ದು ವಾರ್ಡ್ ತುಂಬಿದ ಮೇಲೆ ಬರುತ್ತದೆ. ಋತು ಸ್ಪಷ್ಟವಿಲ್ಲದ ಕಡೆ ವರ್ಷವಿಡೀ ಕೊಡುವುದೇ ಸುಲಭ, ಖರ್ಚು ಬೇರೆ ಮಾತು.

ಕೋವಿಡ್ ಈ ಪಂಚಾಂಗವನ್ನೂ ಹರಿದುಹಾಕಿತ್ತು. 2020ರ ಚಳಿಗಾಲದಲ್ಲಿ ಆಸ್ಟ್ರೇಲಿಯಾದಲ್ಲಿ ಆರ್‌ಎಸ್‌ವಿ ನಾಪತ್ತೆ. ಅದೇ ವರ್ಷದ ಕೊನೆಗೆ, ಅವರ ಬೇಸಿಗೆಯಲ್ಲಿ, ವಾರ್ಡುಗಳು ತುಂಬಿದವು. 2021ರಲ್ಲಿ ಅಮೆರಿಕದಲ್ಲೂ ಬೇಸಿಗೆಯ ಅಲೆ. ಒಂದು ಋತುವಿಡೀ ವೈರಸ್ ಕಾಣದೆ ಬೆಳೆದ ಮಕ್ಕಳು ಒಟ್ಟಿಗೆ ಸಿಕ್ಕಿಬಿದ್ದರು, ಆದ್ದರಿಂದ ದಾಖಲಾದವರ ವಯಸ್ಸೂ ಮೇಲಕ್ಕೆ ಸರಿಯಿತು. 2020–22ರ ಅಂಕಿಗಳನ್ನು 'ಸರಾಸರಿ'ಗೆ ಬೆರೆಸಿ ಋತು ಗುರುತಿಸುವವರನ್ನು ನಂಬಬೇಡಿ.

ತಬ್ಬಿದವರು, ಮುಟ್ಟಿದವರು, ಕೂತವರು

ಆಸ್ಪತ್ರೆಯಲ್ಲಿ ಪತ್ತೆಯಾದದ್ದೆಲ್ಲ ಊರಿನಿಂದ ಬಂದದ್ದಲ್ಲ. ಅತಿಸಾರಕ್ಕೆ ದಾಖಲಾದ ಮಗುವಿಗೆ ಆರನೆಯ ದಿನ ಮೂಗು ಸುರಿಯುತ್ತದೆ. ಆರ್‌ಎಸ್‌ವಿ ಅಂಟಿ ಲಕ್ಷಣ ತೋರಿಸಲು ನಾಲ್ಕರಿಂದ ಆರು ದಿನ ಬೇಕು. ಎರಡೂ ಆಗಬಹುದು, ಎಂಟೂ ಆಗಬಹುದು. ಹೀಗಾಗಿ '48 ಗಂಟೆ ದಾಟಿದ್ದೆಲ್ಲ ಆಸ್ಪತ್ರೆಯದ್ದು' ಎಂಬ ಗೆರೆ ಈ ವೈರಸ್ಸಿಗೆ ಸರಿಹೊಂದದು. ದಾಖಲಾದ ದಿನ, ಲಕ್ಷಣ ಶುರುವಾದ ದಿನ, ಸ್ವಾಬ್ ತೆಗೆದ ದಿನ, ಮೂರನ್ನೂ ಬೇರೆಬೇರೆ ಬರೆದಿಟ್ಟರೆ ಮಾತ್ರ ಆಮೇಲೆ ಬಿಡಿಸಿ ನೋಡಬಹುದು.

ಇದು ಹೇಗೆ ಹರಡುತ್ತದೆ ಎಂಬುದಕ್ಕೆ ಮಕ್ಕಳ ವೈದ್ಯೆ ಕ್ಯಾರೊಲಿನ್ ಬ್ರೀಸ್ ಹಾಲ್ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನಲ್ಲಿ ಮಾಡಿದ, 1981ರಲ್ಲಿ ಪ್ರಕಟವಾದ ಪ್ರಯೋಗ ಕಣ್ಣಿಗೆ ಕಟ್ಟುವಂಥದ್ದು. ಸ್ವಯಂಸೇವಕರನ್ನು ಮೂರು ಗುಂಪು ಮಾಡಿದರು. ಕೆಲವರು ಆರ್‌ಎಸ್‌ವಿ ಇರುವ ಕೂಸನ್ನು ಎರಡು ನಾಲ್ಕು ಗಂಟೆ ಎತ್ತಿಕೊಂಡು, ಉಣಿಸಿ, ಬಟ್ಟೆ ಬದಲಿಸಿ ಆಡಿಸಿದರು. ಕೆಲವರು ಕೂಸು ಕೋಣೆಯಲ್ಲಿ ಇಲ್ಲದಾಗ ಒಳಹೋಗಿ ತೊಟ್ಟಿಲು, ಆಟಿಕೆ ಮುಟ್ಟಿ ತಮ್ಮ ಕಣ್ಣು, ಮೂಗು ಉಜ್ಜಿಕೊಂಡರು. ಉಳಿದವರು ಕೂಸಿನಿಂದ ಆರಡಿಗೂ ಹೆಚ್ಚು ದೂರ, ಏನನ್ನೂ ಮುಟ್ಟದೆ ಓದುತ್ತಾ ಕೂತರು. ಎತ್ತಿಕೊಂಡ 7 ಮಂದಿಯಲ್ಲಿ 5 ಮಂದಿಗೆ ಸೋಂಕು. ಮುಟ್ಟಿದ 10ರಲ್ಲಿ 4 ಮಂದಿಗೆ. ಕೂತ 14ರಲ್ಲಿ ಒಬ್ಬರಿಗೂ ಇಲ್ಲ. ಅದಕ್ಕೂ ಮೊದಲು ಅವರ ತಂಡ ಗಟ್ಟಿ ಮೇಲ್ಮೈಯಲ್ಲಿ ಈ ವೈರಸ್ ಸುಮಾರು ಆರು ಗಂಟೆ, ಬಟ್ಟೆಯ ಮೇಲೆ ಅರ್ಧ ಮುಕ್ಕಾಲು ಗಂಟೆ ಬದುಕುವುದನ್ನು ತೋರಿಸಿತ್ತು.

ಈಗ ನಮ್ಮ ಜಿಲ್ಲಾ ಆಸ್ಪತ್ರೆಯ ಮಕ್ಕಳ ವಾರ್ಡನ್ನು ನೆನೆಸಿಕೊಳ್ಳಿ. ಮಳೆಗಾಲ, ಒಂದು ಮಂಚಕ್ಕೆ ಎರಡು ಮಗು. ಎರಡೂ ಕಡೆಯ ಅಮ್ಮಂದಿರು, ಒಬ್ಬರು ಅಜ್ಜಿ. ಅಳುವ ಪಕ್ಕದ ಮಗುವನ್ನು ಎತ್ತಿ ಸಮಾಧಾನ ಮಾಡುವುದು ಇಲ್ಲಿ ಸೌಜನ್ಯ. ರಾಚೆಸ್ಟರಿನ ಭಾಷೆಯಲ್ಲಿ ಅವರೆಲ್ಲ 'ಎತ್ತಿಕೊಂಡವರು'. ನೆಬ್ಯುಲೈಸರ್ ಮಾಸ್ಕ್ ಒಂದು ಮಗುವಿನಿಂದ ಇನ್ನೊಂದಕ್ಕೆ, ನಡುವೆ ನಲ್ಲಿನೀರಿನಲ್ಲಿ ಒಂದು ತೊಳೆತ. ಪಲ್ಸ್ ಆಕ್ಸಿಮೀಟರಿನ ಕ್ಲಿಪ್ಪಿಗೆ ಅದೂ ಇಲ್ಲ. ದುಬಾರಿ ಉಪಕರಣ ಬೇಕಾಗಿಲ್ಲ: ಮಂಚದ ಕಾಲಿಗೆ ತೂಗುಹಾಕಿದ ಹ್ಯಾಂಡ್‌ರಬ್ ಬಾಟಲಿ, ಮಗುವಿಗೊಂದು ಮಾಸ್ಕ್, ಕೆಮ್ಮಿನವರನ್ನು ಒಂದು ಸಾಲಿಗೆ ಸೇರಿಸುವುದು, ನೆಗಡಿಯಾದ ಅಕ್ಕ ಅಣ್ಣಂದಿರನ್ನು ನವಜಾತ ಶಿಶುಗಳ ಐಸಿಯು ಬಾಗಿಲಲ್ಲೇ ತಡೆಯುವುದು. ಬಾಟಲಿ ಖಾಲಿಯಾದ ದಿನ ತುಂಬಿಸುವವರು ಯಾರು ಎಂಬುದು ಬರೆದಿಡದಿದ್ದರೆ ಎರಡನೆಯ ವಾರಕ್ಕೆ ಬಾಟಲಿ ಅಲಂಕಾರ.

ಪಟ್ಟಿಯಲ್ಲಿ ಇಲ್ಲದವರು

2019ನೇ ವರ್ಷಕ್ಕೆ ಮಾಡಿದ ಜಾಗತಿಕ ಅಂದಾಜಿನಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಆರ್‌ಎಸ್‌ವಿಯಿಂದ ಸುಮಾರು 36 ಲಕ್ಷ ದಾಖಲಾತಿ. ಆಸ್ಪತ್ರೆಯಲ್ಲಿ ಸತ್ತವರು ಸುಮಾರು 26,300. ಒಟ್ಟು ಸತ್ತವರು ಸುಮಾರು 1,01,400. ಈ ಎರಡು ಸಂಖ್ಯೆಗಳ ನಡುವಿನ ಅಂತರವೇ ಆಸ್ಪತ್ರೆಯ ಅಂಕಿ ನೋಡದ ಜಾಗ: ನಾಲ್ಕರಲ್ಲಿ ಮೂರು ಸಾವು ವಾರ್ಡಿನ ಹೊರಗೆ. 97%ಗೂ ಹೆಚ್ಚು ಸಾವು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಮನೆಯಲ್ಲಿ ಸತ್ತ ಕೂಸಿನ ತಾಯಿಯನ್ನು ವಾರಗಳ ನಂತರ ಮಾತಾಡಿಸಿ 'ಉಸಿರು ಜೋರಿತ್ತಾ, ಪಕ್ಕೆ ಸೆಳೀತಿತ್ತಾ' ಎಂದು ಕೇಳಿ ನ್ಯುಮೋನಿಯಾ ಎಂದು ಬರೆಯಬಹುದು. ಯಾವ ವೈರಸ್ ಎಂದು ಆ ಮಾತಿನಿಂದ ತಿಳಿಯುವುದಿಲ್ಲ.

ಜಾಂಬಿಯಾದ ಲುಸಾಕಾದಲ್ಲಿ ಇದಕ್ಕೊಂದು ದಾರಿ ಹುಡುಕಿದರು. ಆ ನಗರದಲ್ಲಿ ಮನೆಯಲ್ಲಿ ಸತ್ತ ಮಗುವನ್ನೂ ಹೂಳುವ ಮೊದಲು ದೊಡ್ಡಾಸ್ಪತ್ರೆಯ ಶವಾಗಾರದ ಮೂಲಕ ಕಾಗದಪತ್ರ ಮಾಡಿಸಬೇಕು. ಅಲ್ಲಿ, ಮನೆಯವರ ಒಪ್ಪಿಗೆ ಪಡೆದು, ಆರು ತಿಂಗಳೊಳಗಿನ ಕೂಸುಗಳ ಮೂಗಿನಿಂದ, ಸತ್ತು 48 ಗಂಟೆಯೊಳಗೆ, ವಾರ್ಡಿನಲ್ಲಿ ಬಳಸುವ ಅದೇ ಬಗೆಯ ಕಡ್ಡಿಯಲ್ಲಿ ಮಾದರಿ ತೆಗೆದರು. ಈ ಸಲ ಮಗುವಿನ ಹಣೆ ಹಿಡಿದುಕೊಳ್ಳಲು ಯಾರೂ ಬೇಕಾಗಿರಲಿಲ್ಲ. ಆರ್‌ಎಸ್‌ವಿ ಸಿಕ್ಕ ಕೂಸುಗಳಲ್ಲಿ ಹೆಚ್ಚಿನವು ಮನೆಯಲ್ಲೇ ಸತ್ತಿದ್ದವು.